ಗೋಡೆಗೊಂದು ತೂತು

ಮನೆಗೊಂದು ಡ್ರಿಲ್ಲಿಂಗ್ ಮೆಷಿನ್ ಇರಲಿ ಎಂಬ ಆಸೆ ಸಾಮಾನ್ಯವಾಗಿ ಬಾಡಿಗೆ ಮನೆ ಬಿಟ್ಟು ಸ್ವಂತ ಫ್ಲಾಟಿಗೆ ಬಂದ ವಾರವೇ ಹುಟ್ಟುತ್ತದೆ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆದರೆ ಓನರ್ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಿದ್ದರು. ಈಗ ಗೋಡೆಯೂ ತಮ್ಮದೇ, ಸಾಲದ ಕಂತೂ ತಮ್ಮದೇ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದ ರಾಯರಿಗೆ ಬೇಕಿದ್ದದ್ದು ಕ್ಯಾಲೆಂಡರಿಗೊಂದು, ದೇವರ ಪಟಕ್ಕೊಂದು ತೂತು. ಅಂಗಡಿಯ ಹುಡುಗ ಮಾತ್ರ ಮೆಟ್ರೊ ಸುರಂಗ ಕೊರೆಯುವವರೇ ಬಂದರೆಂಬಂತೆ ಎದ್ದು ನಿಂತ. "ಚಕ್ಕು 10 ಎಂಎಂ ಕೊಡ್ಲಾ, 13 ಕೊಡ್ಲಾ ಸಾರ್? ವೈರಿಂದಾ, ಬ್ಯಾಟರಿದಾ? ಹ್ಯಾಮರ್ ಬೇಕಾ?"

ಹ್ಯಾಮರ್ ಬೇಕೇ ಬೇಕು. ಬರೀ ತಿರುಗುವ ಡ್ರಿಲ್ ಮರಕ್ಕೆ, ತಗಡಿಗೆ ಸಾಕು. ಇಟ್ಟಿಗೆ, ಕಾಂಕ್ರೀಟಿಗೆ ತಿರುಗುತ್ತಲೇ ಕುಟ್ಟುವ ಇಂಪ್ಯಾಕ್ಟ್ ಡ್ರಿಲ್ಲೇ ಆಗಬೇಕು, ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಇರುವ ಬಿಟ್ಟೂ ಬೇಕು. ಮನೆಗೆಲಸಕ್ಕೆ 500–600 ವ್ಯಾಟ್, ಬಿಟ್ಟನ್ನು ಕಚ್ಚಿ ಹಿಡಿಯುವ 13 ಎಂಎಂ ಚಕ್, ವೇಗ ಹೆಚ್ಚುಕಡಿಮೆ ಮಾಡುವ ಟ್ರಿಗರ್ ಇದ್ದರೆ ಧಾರಾಳವಾಯಿತು. 18 ವೋಲ್ಟಿನ ಬ್ಯಾಟರಿಯದ್ದು ವೈರಿನ ರಗಳೆ ಇಲ್ಲದ್ದು, ನಿಜ. ಆದರೆ ಯುಗಾದಿಗೋ ದೀಪಾವಳಿಗೋ ಹೊರಗೆ ತೆಗೆಯುವ ಮನೆಯಲ್ಲಿ ಬೇಕಾದ ಹೊತ್ತಿಗೆ ಅದರಲ್ಲಿ ಚಾರ್ಜೇ ಇರುವುದಿಲ್ಲ.

ಪಿಸ್ತೂಲಿನಂಥ ಹಿಡಿ, ಟ್ರಿಗರ್ ಇರುವ ಡ್ರಿಲ್ಲಿಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ 1917ರಲ್ಲಿ ಪೇಟೆಂಟ್ ಪಡೆಯಿತು. ಅದನ್ನು ಕೈಗೆತ್ತಿಕೊಂಡ ಯಾವ ಗಂಡಸೂ ಗಾಳಿಯಲ್ಲೊಮ್ಮೆ ಝುಯ್ ಅನ್ನಿಸದೆ ಬಿಡುವುದುಂಟೆ? ರಾಯರೂ ಅನ್ನಿಸಿದರು.

ಮನೆಯಾಕೆ ಕೇಳಿದ್ದು ಒಂದೇ: "ರೀ, ಧೂಳು ಗುಡಿಸೋದ್ಯಾರು?"

ಆ ಅಟ್ಯಾಚ್‌ಮೆಂಟ್ ಪೆಟ್ಟಿಗೆಯಲ್ಲಿ ಇರಲಿಲ್ಲ.