ಒಲೆ ಮುಂದಿನ ದಂಡನಾಯಕ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಯಾವ ಊರಿಗೆ ಹೋದರೂ ಅಂಥವನೊಬ್ಬ ಇದ್ದೇ ಇರುತ್ತಾನೆ. ವಯಸ್ಸು ಇಪ್ಪತ್ತೆರಡರ ಆಸುಪಾಸು, ಬಿ.ಎ.ಯಲ್ಲಿ ಎರಡು ಪೇಪರು ಬಾಕಿ, ಕೇಳಿದವರಿಗೆಲ್ಲ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇನೆಂಬ ಕಾಯಂ ಉತ್ತರ. ಪಡಸಾಲೆಯ ಮೂಲೆಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು. ಅದು ಕಾಯುತ್ತದೆಂದು ಅಡಿಯಲ್ಲಿ ಬೋರಲು ಹಾಕಿದ ಊಟದ ತಾಟು. ತೆರೆಯ ಮೇಲೆ ‘ಏಜ್ ಆಫ್ ಎಂಪೈರ್ಸ್’. ಎಡಗೈ ಕೀಲಿಮಣೆಯ ಮೇಲೆ, ಬಲಗೈ ಮೌಸಿನ ಮೇಲೆ, ಬಾಯಿ ಚುರುಮುರಿಯ ಮೇಲೆ. ಒಂದು ಅಂಕಿ ಒತ್ತಿದರೆ ಕುದುರೆ ದಂಡು ಏಳುತ್ತದೆ, ಇನ್ನೊಂದಕ್ಕೆ ಆನೆಗಳು ಹೊರಳುತ್ತವೆ. ಒಳಗಿನಿಂದ ತಾಯಿ ಕೂಗುತ್ತಾಳೆ: “ತಮ್ಮಾ, ಗಿರಣ್ಯಾಗ ಜ್ವಾಳಾ ಬೀಸಿಸ್ಕೊಂಡ್ ಬಾರೋ.” ಇತ್ತಲಿಂದ ಉತ್ತರ: “ತಡಿಯಬೇ ಯವ್ವಾ, ಕ್ವಾಟಿ ಬೀಳಾಕತ್ತೇತಿ.”

ಇವನನ್ನು ಕಂಡು ನಗುವುದು ಸುಲಭ. ಉತ್ತರನ ಪೌರುಷ ಒಲೆ ಮುಂದೆ ಎಂಬ ಗಾದೆ ಕೈಗೆಟುಕುವಷ್ಟು ಹತ್ತಿರದಲ್ಲೇ ಇದೆ, ಅದರಲ್ಲೂ ಹಾನಗಲ್ಲೇ ವಿರಾಟನಗರ ಎಂದು ನಂಬಿದ ಸೀಮೆಯಲ್ಲಿ. ಆದರೆ ಗಾದೆ ಇವನಿಗೆ ಪೂರ್ತಿ ಒಪ್ಪುವುದಿಲ್ಲ. ಉತ್ತರಕುಮಾರ ಜಂಬ ಕೊಚ್ಚಿದ ಮೇಲೆ ರಥ ಹತ್ತಿ ಕೌರವ ಸೇನೆ ಕಾಣುವ ತನಕ ಹೋದ, ಕಂಡ ಮೇಲೆ ಇಳಿದು ಓಡಿದ. ಯುದ್ಧವೆಂದರೆ ಏನೆಂದು ಅವನಿಗೆ ತಿಳಿದದ್ದು ಆ ಓಟದಲ್ಲಿ. ನಮ್ಮವನಿಗೆ ಓಡುವ ಪ್ರಸಂಗವೇ ಬರುವುದಿಲ್ಲ. ಯೂಟ್ಯೂಬಿನಲ್ಲಿ ಒಬ್ಬ ಬೃಹನ್ನಳೆ ಸಿಕ್ಕಿದ್ದಾನೆ, ಮೊದಲು ಎಷ್ಟು ಕುರಿ, ಆಮೇಲೆ ಎಷ್ಟು ಕಟ್ಟಿಗೆ ಎಂದು ಹೇಳಿಕೊಡುತ್ತಾನೆ. ಸಾರಥಿ ಹೇಳಿದಂತೆ ಒತ್ತಿದರಾಯಿತು. ಹಾಗಾಗಿ ಇವನ ಮೇಲಿನ ನನ್ನ ತಕರಾರು ಹೇಡಿತನದ್ದೂ ಅಲ್ಲ, ಸೋಮಾರಿತನದ್ದೂ ಅಲ್ಲ. ಆಜ್ಞೆ ಕೊಡುವುದೇ ದಂಡನಾಯಕನ ಕೆಲಸ ಎಂದು ಇವನು ತಿಳಿದಿದ್ದಾನೆ. ಆ ಕೆಲಸದಲ್ಲಿ ಅತ್ಯಂತ ಅಗ್ಗದ ಭಾಗವೆಂದರೆ ಅದೇ.

ಸಾಕ್ಷಿಗೆ ದೂರ ಹೋಗಬೇಕಿಲ್ಲ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರಕ್ಕೆ ಹೆಸರು ಕೊಟ್ಟ ಬಂಕೆಯ ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ. ಗಂಗವಾಡಿಯ ಮೇಲೆ ಹೋದವನು ಕೈದಾಳದ ಕೋಟೆ ಹಿಡಿದು, ಕಾವೇರಿ ದಾಟಿ, ಗೆಲುವು ಕಣ್ಣಳತೆಯಲ್ಲಿದ್ದಾಗ ಮನೆಯಲ್ಲೇ ದಂಗೆ ಎದ್ದಿದೆ, ಬಾ ಎಂದು ಅರಸನ ಕರೆ ಬಂತು ಎಂದು ಕೊಣ್ಣೂರ ಶಾಸನ ಹೇಳುತ್ತದೆ. ಆ ಓಲೆ ಮಳಖೇಡದಿಂದ ಕಾವೇರಿಯವರೆಗೆ ಕುದುರೆಯ ಕಾಲಿನ ಮೇಲೆ ಹೋಗಬೇಕಿತ್ತು; ತಲುಪುವ ಹೊತ್ತಿಗೆ ದಂಗೆ ಅಡಗಿತ್ತೋ ಹಬ್ಬಿತ್ತೋ ಕಳಿಸಿದವನಿಗೂ ಗೊತ್ತಿಲ್ಲ, ಓದಿದವನಿಗೂ ಗೊತ್ತಿಲ್ಲ. ಬಂಕೆಯ ತಿರುಗಿ ಬಂದ. ಬಾರದೆ ಇರಬಹುದಿತ್ತು. ಆಟದಲ್ಲಿ ಈ ‘ಬಾರದೆ ಇರಬಹುದಿತ್ತು’ ಎಂಬ ಮಾತೇ ಇಲ್ಲ. ಗುಂಡಿ ಒತ್ತಿದರೆ ಆನೆಯೂ ಎದುರಾಡುವುದಿಲ್ಲ.

ಸಂಬಳದ ಮಾತು ಇನ್ನೂ ಮಜವಾಗಿದೆ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯ ಸವಣೂರಿಗೆ ಮುತ್ತಿಗೆ ಹಾಕಿದ. ಬುಸ್ಸಿಯ ಫ್ರೆಂಚ್ ತೋಪುಗಳೂ ಬಂದವು. ಅಷ್ಟು ದೊಡ್ಡ ದಂಡು ಹೊರಡಲು ಒಂದು ಕಾರಣ ಲೆಕ್ಕದ ಜಗಳ. ಮುಜಫರ್ ಖಾನ್ ಎಂಬ ಗಾರ್ದಿ ಪಡೆಯ ಮುಖ್ಯಸ್ಥ ತನ್ನ ಸಿಪಾಯಿಗಳ ಲೆಕ್ಕ ಒಪ್ಪಿಸುವ ವಿಚಾರದಲ್ಲಿ ಪೇಶ್ವೆಯೊಡನೆ ಮುನಿಸಿಕೊಂಡು ಸವಣೂರ ನವಾಬನ ಆಸರೆಗೆ ಬಂದ, ನವಾಬ ಬಿಟ್ಟುಕೊಡಲಿಲ್ಲ. ಹಾಜರಿ ಪುಸ್ತಕದಿಂದ ಹುಟ್ಟಿದ ಯುದ್ಧ! ನಮ್ಮ ದಂಡನಾಯಕನಿಗೆ ಹಾಜರಿ ಪುಸ್ತಕ ಬೇಡ. ಐವತ್ತು ಪಾಲು ಆಹಾರ ಕೊಟ್ಟರೆ ಇಪ್ಪತ್ತೈದು ಸೆಕೆಂಡಿನಲ್ಲಿ ದುಡಿಯಲು ಸಿದ್ಧನಾದ ಆಳು ಹುಟ್ಟುತ್ತಾನೆ, ಮತ್ತೆ ಜನ್ಮದಲ್ಲಿ ಉಣ್ಣಲು ಕೇಳುವುದಿಲ್ಲ. ಹೊಲಕ್ಕೆ ಅರವತ್ತು ಕಟ್ಟಿಗೆ ಇಟ್ಟರೆ ಬೆಳೆ ತಾನೇ ಬರುತ್ತದೆ. ಮುಂಗಾರು ಕೈಕೊಡುವುದಿಲ್ಲ, ಯೂರಿಯಾಕ್ಕೆ ಪಾಳಿ ಹಚ್ಚಬೇಕಿಲ್ಲ. ಹಿರೇಕೆರೂರ ಕಡೆಯ ಗೋವಿನಜೋಳದ ರೈತ ಈ ಒಂದು ಹೊಲಕ್ಕಾಗಿ ಇಡೀ ಆಟ ಕೊಂಡಾನು.

ಚದುರಂಗದಲ್ಲಿ ಕುದುರೆಗೆ ಯಾರು ಹುಲ್ಲು ಹಾಕುತ್ತಾರೆ, ಆಟವೆಂದರೆ ಆಟ ಎಂದು ಕೇಳುವವರಿದ್ದಾರೆ. ಸರಿಯೇ. ಆದರೆ ಚದುರಂಗ ಆಡಿದವನು ನಾನಿದ್ದಿದ್ದರೆ ಹಿಂಗ ಆಗಾಕ ಬಿಡ್ತಿರಲಿಲ್ಲ ಎಂದು ಚಹಾದಂಗಡಿಯಲ್ಲಿ ಇತಿಹಾಸ ತಿದ್ದಲು ಕೂರುವುದಿಲ್ಲ. ಹುಡುಗರು ಇದರಿಂದಲೇ ಇತಿಹಾಸ ಕಲಿಯುತ್ತಾರೆಂಬ ಇನ್ನೊಂದು ವಾದ ಅರ್ಧ ನಿಜ. 2022ರಲ್ಲಿ ಬಂದ ಕಂತಿನಲ್ಲಿ ರಾಜೇಂದ್ರ ಚೋಳನ ದಂಡಯಾತ್ರೆಯನ್ನೇ ಆಡಬಹುದು. ನಮ್ಮವನು ರಾತ್ರಿಯಿಡೀ ನಿದ್ದೆಗೆಟ್ಟು ಅವನನ್ನು ಗೆಲ್ಲಿಸುತ್ತಾನೆ. ತನ್ನದೇ ತಾಲ್ಲೂಕಿನ ಹೊಟ್ಟೂರಿನಲ್ಲಿ 1007ರ ಶಾಸನವೊಂದು ಅದೇ ಚೋಳ ಒಂಬತ್ತು ಲಕ್ಷ ದಂಡು ಕಟ್ಟಿಕೊಂಡು ಬಂದು ನಾಡನ್ನು ಸುಲಿದ, ಹೆಂಗಸರು ಮಕ್ಕಳೆನ್ನದೆ ಕೊಂದ ಎಂದು ಹೇಳುವುದು ಶಿಗ್ಗಾವಿಯ ದಂಡನಾಯಕನಿಗೆ ಗೊತ್ತಿರುವುದಿಲ್ಲ. ಒಂಬತ್ತು ಲಕ್ಷ ಅಳತೆ ಮೀರಿದ ಲೆಕ್ಕವೇ, ಪೆಟ್ಟು ತಿಂದವನು ಎಣಿಸಿದ ಲೆಕ್ಕ. ಆಟದಲ್ಲಿ ಆಳುಕಾಳು ಎಲ್ಲ ಸೇರಿ ಸಾಮಾನ್ಯವಾಗಿ ಇನ್ನೂರಕ್ಕೆ ಮಿತಿ. ಇನ್ನೂರರ ಕಡೆ ಕುಳಿತವನಿಗೆ ಒಂಬತ್ತು ಲಕ್ಷದ ಎದುರು ನಿಂತವನು ಕಾಣುವುದು ಕಷ್ಟ.

ನಿಂತವನನ್ನು ನೋಡಬೇಕಾದರೆ ವೀರಗಲ್ಲು ನೋಡಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. 1196ರಲ್ಲಿ ಇಮ್ಮಡಿ ವೀರಬಲ್ಲಾಳ ಆನೆಕೆರೆಯ ಹತ್ತಿರ ಬೀಡುಬಿಟ್ಟು ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಕದಂಬ ಕಾಮದೇವನ ದಂಡನಾಯಕ ಸೋಹಣಿ ಆ ದಾಳಿಯನ್ನು ಹಿಮ್ಮೆಟ್ಟಿಸಿ ತಾನು ಸತ್ತ. ಅಂಥ ದೊಡ್ಡವರ ಕಲ್ಲಿಗಿಂತ ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ ಸತ್ತ ಊರಿನವರ ಕಲ್ಲುಗಳನ್ನು ನೋಡುವುದು ಒಳ್ಳೆಯದು. ಅರಸನ ಓಲೆಗೆ ಕಾಯಲು ಅವರಿಗೆ ಹೊತ್ತೆಲ್ಲಿತ್ತು? ಎಷ್ಟೋ ಊರಲ್ಲಿ ಈಗ ಆ ಕಲ್ಲಿಗೆ ಎಮ್ಮೆ ಕಟ್ಟುತ್ತಾರೆ. ದನಕ್ಕಾಗಿ ಸತ್ತವನು ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

ಹಾಗೆ ನೋಡಿದರೆ ಆ ಮನೆಯಲ್ಲಿ ದಂಡನಾಯಕನ ಕಸುಬು ಬಲ್ಲವಳು ತಾಯಿ. ಮೊದಲ ಆಜ್ಞೆ ಪಾಲನೆಯಾಗುವುದಿಲ್ಲವೆಂದು ಆಕೆಗೆ ಗೊತ್ತು, ಹಾಗಾಗಿ ಹಿಟ್ಟು ಮುಗಿಯುವ ಎರಡು ದಿನ ಮೊದಲೇ ಕೂಗಲು ಶುರುಮಾಡುತ್ತಾಳೆ. ಎರಡನೆಯ ಸಲ ಆಮಿಷ: “ಬರೂ ಮುಂದ ಖಾರಾ ತಗೊಂಡ್ ಬಾ, ಉಳದ ಚಿಲ್ಲರ ನೀನ ಇಟ್ಕೋ.” ಅದಕ್ಕೂ ಬಗ್ಗದಿದ್ದರೆ ಮುತ್ತಿಗೆ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆಯೆಂಬ ಗೂಢಚರ್ಯೆ ಆಕೆಗಿದೆ. ನೇರ ಹೋಗಿ ಪ್ಲಗ್ಗಿಗೆ ಕೈ ಹಾಕುತ್ತಾಳೆ. “ತಗೀಬ್ಯಾಡಬೇ!” ಎಂದು ಸಾಮ್ರಾಟ ಎದ್ದು ನಿಲ್ಲುತ್ತಾನೆ. ಐದು ನಿಮಿಷದಲ್ಲಿ ಜೋಳದ ಚೀಲ ಬೈಕಿನ ಟ್ಯಾಂಕಿನ ಮೇಲೆ. ಗಿರಣಿಯಲ್ಲಿ ಕರೆಂಟು ಹೋಗಿದೆ. ಇವನಂಥವರೇ ಇನ್ನೂ ಮೂವರು ಚೀಲಗಳ ಮೇಲೆ ಕುಳಿತಿದ್ದಾರೆ. ಬೀಸುವ ಕಲ್ಲು ತಿರುಗುವ ತನಕ ಮಾಡುವುದೇನು? 1761ರ ಪಾಣಿಪತ್ತಿನಲ್ಲಿ ಕಾಳಿಲ್ಲದೆ ಹಸಿದು ಹೊರಬಿದ್ದು ಸೋತ ಮರಾಠರ ದಂಡನ್ನು ಎಲ್ಲಿ ನಿಲ್ಲಿಸಿದ್ದರೆ ಗೆಲ್ಲುತ್ತಿತ್ತೆಂದು ಒಬ್ಬ ಹಿಟ್ಟು ಬಿದ್ದ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಾನೆ.