ಕೂದಲೆಳೆಯಷ್ಟು

ನಮ್ಮ ಷಡ್ಡಕರು ಗಿಟಾರ್ ನುಡಿಸುವುದಿಲ್ಲ, ಸೆಟ್ ಮಾಡುತ್ತಾರೆ. ಮನೆಗೆ ಹೋದವರು ಕಾಫಿ ಲೋಟ ಕೆಳಗಿಡುವುದರೊಳಗೆ ಗಿಟಾರನ್ನು ಎಣ್ಣೆ ಹಚ್ಚುವ ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು, ಸ್ಟೀಲ್ ಸ್ಕೇಲ್ ಹಿಡಿದು, "ಹನ್ನೆರಡನೇ ಫ್ರೆಟ್ ಹತ್ರ ನೋಡ್ರೀ, ಎಷ್ಟಿದೆ?" ಎನ್ನುತ್ತಾರೆ. ನಮಗೇನು ಕಾಣಬೇಕು! "3 ಮಿ.ಮೀ.! ದಪ್ಪ ತಂತಿಗೆ ಎರಡೂವರೆ, ಸಣ್ಣದಕ್ಕೆ ಎರಡು ಇದ್ರೆ ಸಾಕು. ಹೀಗಿದ್ರೆ ಒತ್ತಿ ಒತ್ತಿ ಬೆರಳೆಲ್ಲ ಬೊಬ್ಬೆ." ಬೊಬ್ಬೆಯೇನೋ ಇದೆ, ಸುಳ್ಳಲ್ಲ. ಅದು ಉಪ್ಪುಕಾಗದದ ಕೃಪೆ. ಕತ್ತಿನ ಮೇಲೆ ಅಡ್ಡಡ್ಡ ಕೂತ ಲೋಹದ ಕಡ್ಡಿಗಳೇ ಫ್ರೆಟ್ಟುಗಳು, ಅವುಗಳಿಂದ ತಂತಿಗಿರುವ ಈ ಎತ್ತರಕ್ಕೆ ಆಕ್ಷನ್ ಎಂದು ಹೆಸರು. ಆ ಗಿಟಾರಿನಲ್ಲಿ ಬೇರೆ ಯಾವ ಆಕ್ಷನ್ನನ್ನೂ ನಾವು ಕಂಡಿಲ್ಲ.

ಟೀಪಾಯಿಯ ಗಾಜಿನ ಮೇಲೆ ಉಪ್ಪುಕಾಗದ ಹಾಸಿ, ಗಿಟಾರಿನ ಹೊಟ್ಟೆಯ ಮೇಲಿನ ಬ್ರಿಡ್ಜಿನಿಂದ ಕಿತ್ತ ಸ್ಯಾಡಲನ್ನು, ಅಂದರೆ ತಂತಿಗಳು ಕೂರುವ ಪಟ್ಟಿಯನ್ನು, ಗಂಧ ತೇಯುವ ಶ್ರದ್ಧೆಯಿಂದ ತೇಯುತ್ತಾರೆ. 1 ಮಿ.ಮೀ. ತೇಯ್ದರೆ ತಂತಿಯ ನಟ್ಟನಡುವೆ, ಅಂದರೆ ಹನ್ನೆರಡನೇ ಫ್ರೆಟ್ಟಿನಲ್ಲಿ, ಇಳಿಯುವುದು ಅರ್ಧ ಮಾತ್ರ. ಮಳೆಗಾಲದ ತೇವಕ್ಕೆ ಹಲಗೆ ಉಬ್ಬಿ ತಂತಿ ಮತ್ತೆ ಮೇಲೇಳುತ್ತದೆ. ಹಾಗಾಗಿ ಕೆಲಸಕ್ಕೆ ಬರವಿಲ್ಲ.

ಆದರೆ ಅವರ ಜೀವವಿರುವುದು ನಟ್ಟಿನಲ್ಲಿ. ಇದಕ್ಕೆ ಬೋಲ್ಟ್ ಇರುವುದಿಲ್ಲ. ಗಿಟಾರಿನ ಕತ್ತು ಮುಗಿಯುವಲ್ಲಿ ಆರು ತಂತಿಗಳಿಗೂ ಆರು ಗೀರಿರುವ ಸಣ್ಣ ಪಟ್ಟಿ. ಒಳ್ಳೆಯದು ಬೇಕೆಂದರೆ ಮೂಳೆಯದೇ ಆಗಬೇಕು. ಅತ್ತೆ "ಅದೇನು ಬೆಳ್ಳಗೆ?" ಎಂದು ಕೇಳಿದ್ದಕ್ಕೆ "ಪ್ಲಾಸ್ಟಿಕ್ ಅತ್ತೆ" ಎಂದು ದೇವರ ಮನೆಯ ಎದುರೇ ಹೇಳಿದ ಧೀರರು ಇವರು.

ಗೀರಿನ ಆಳಕ್ಕೊಂದು ಪರೀಕ್ಷೆಯಿದೆ. ಮೂರನೇ ಫ್ರೆಟ್ಟಿನಲ್ಲಿ ತಂತಿ ಒತ್ತಿದರೆ, ಮೊದಲನೇ ಫ್ರೆಟ್ಟಿಗೂ ತಂತಿಗೂ ನಡುವೆ ಕೂದಲೆಳೆಯಷ್ಟು ಜಾಗ ಉಳಿಯಬೇಕು. ಷಡ್ಡಕರು ಮಾತಿಗೆ ತಪ್ಪುವವರಲ್ಲ. ತಲೆಯಲ್ಲಿ ಉಳಿದವುಗಳಲ್ಲೇ ಒಂದನ್ನು ಕಿತ್ತು ತೂರಿಸಿ ನೋಡಿದರು. ಬಿಗಿಯಾಗಿ ಕೂತಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. "ಇನ್ನೊಂದೇ ಒಂದು ಸಲ" ಎಂದು ಅರ ಎಳೆದರು. ಬಿಟ್ಟ ತಂತಿ ಮೀಟಿದರೆ, ಜರ್ರ್!

ಅಡುಗೆಮನೆಯಿಂದ ಸೋಡಾಪುಡಿ ಬಂತು. ಗೀರಿಗೆ ಚಿಟಿಕೆ ಉದುರಿಸಿ ಮೇಲೊಂದು ಹನಿ ಫೆವಿಕ್ವಿಕ್ ಬಿಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಮತ್ತೆ ಮೊದಲಿಂದ ಕೊರೆಯಬಹುದು. ಅವರ ಮುಖದಲ್ಲಿ ದುಃಖವೇನೂ ಕಾಣಲಿಲ್ಲ, ಭಾನುವಾರವೊಂದು ಉಳಿದ ಸಂತೋಷವೇ ಇತ್ತು.

ಮೂಲೆಯಲ್ಲಿ ತಂಬೂರಿ ಒರೆಸುತ್ತಿದ್ದ ಅತ್ತೆ ಕೇಳಿಸಿಕೊಂಡರು. "ಅಯ್ಯೋ, ಅದನ್ಯಾಕೆ ಮುಚ್ತೀರಿ ಅಳಿಯಂದ್ರೆ? ಆ ಝೇಂಕಾರ ಬರ್ಲಿ ಅಂತಾನೇ ನಾವು ತಂಬೂರಿ ತಂತಿ ಕೆಳಗೆ ದಾರ ಇಟ್ಟು ಜೀವಾಳಿ ಹಾಕೋದು. ನಿಮ್ಗೆ ಪುಕ್ಕಟೆ ಬಂದಿದೆ."

ನಿಮ್ಮ ಮನೆಯಲ್ಲೂ ಗಿಟಾರ್ ಇದ್ದರೆ ದಯವಿಟ್ಟು ನಮ್ಮ ಷಡ್ಡಕರೆದುರು ಬಾಯಿಬಿಡಬೇಡಿ. ನಮ್ಮ ಮಗಳದ್ದು "ಒಂದೇ ಒಂದು ದಿನ" ಎಂದು ಅಲ್ಲಿಗೆ ಹೋಗಿ ಮೂರು ತಿಂಗಳಾಯಿತು.