ಇನ್ನೂರು ಗಂಟೆಯ ಕ್ಯಾಪ್ಟನ್

ನಮ್ಮ ಬಡಾವಣೆಯಲ್ಲಿ ಎಲ್ಲರೂ ಅವನನ್ನು ಕರೆಯುವುದು ‘ಕ್ಯಾಪ್ಟನ್’ ಎಂದೇ. ಹಾಲಿನವನು, ಇಸ್ತ್ರಿಯವನು, ಕೊನೆಗೆ ಗ್ಯಾಸ್ ಸಿಲಿಂಡರ್ ತರುವ ಹುಡುಗ ಕೂಡ. ಹಾಗೆ ಕರೆಯದೆ ಉಳಿದಿರುವುದು ಈ ದೇಶದ ವಿಮಾನ ಕಂಪನಿಗಳು ಮಾತ್ರ.

ಇಂಥ ಕ್ಯಾಪ್ಟನ್ನರು ಈಗ ಬಡಾವಣೆಗೊಬ್ಬರಾದರೂ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಕೈಯಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಟ್ಟ ಕಮರ್ಷಿಯಲ್ ಪೈಲಟ್ ಲೈಸೆನ್ಸ್ (ಸಿಪಿಎಲ್), ಲಾಗ್‌ಬುಕ್ಕಿನಲ್ಲಿ ಕಷ್ಟಪಟ್ಟು ಕೂಡಿಸಿದ 200 ಗಂಟೆ ಹಾರಾಟ, ಊರಿನಲ್ಲಿ ಅಪ್ಪನ ಅಡಿಕೆ ತೋಟದ ಮೇಲೆ ಅರ್ಧ ಕೋಟಿ ದಾಟಿದ ಸಾಲ. ಮಾತಿನಲ್ಲಿ ‘ಎ’ ಬರುವ ಕಡೆ ‘ಆಲ್ಫಾ’, ‘ಬಿ’ ಬರುವ ಕಡೆ ‘ಬ್ರಾವೋ’. ಕೊರಿಯರ್‌ನವನು ಮನೆ ನಂಬರ್ ಕೇಳಿದರೆ ‘ಟ್ವೆಂಟಿಟೂ ಬ್ರಾವೋ’ ಎನ್ನುತ್ತಾನೆ. ಪಾರ್ಸಲ್ಲು ಬ್ರಾವೋ ಎಂಬುವರ ಮನೆ ಹುಡುಕುತ್ತಾ ಬೀದಿಯೆಲ್ಲ ಸುತ್ತುತ್ತದೆ.

ಎದುರುಮನೆಯ ನಿವೃತ್ತ ಮೇಷ್ಟರು ಒಮ್ಮೆ ಅಕ್ಕರೆಯಿಂದ ಕೇಳಿದರು: “ಇನ್ನೂರು ಗಂಟೆ ಓಡಿಸಿದೀಯಲ್ಲಪ್ಪ, ಗಂಟೆಗೆ ಎಷ್ಟು ಕೊಟ್ರು?”

“ಕೊಟ್ಟಿದ್ದು ನಾವು ಮೇಷ್ಟ್ರೇ.”

ಮೇಷ್ಟರು ಆ ವಿಷಯ ಮತ್ತೆ ಎತ್ತಲಿಲ್ಲ.

ಕ್ಯಾಪ್ಟನ್ನನ ಮುಖ್ಯ ಉದ್ಯೋಗವೆಂದರೆ ಉದ್ಯೋಗ ಮೇಳಗಳಿಗೆ ಹೋಗುವುದು. ಎಲ್ಲಿ ಶಾಮಿಯಾನ ಹಾಕಿ ಬ್ಯಾನರ್ ಕಟ್ಟಿದ್ದಾರೋ ಅಲ್ಲಿಗೆ ಮೂರು ಪಟ್ಟಿಯ ಬಿಳಿ ಅಂಗಿ, ಕಪ್ಪು ಟೈ, ಕನ್ನಡಿ ಹಾಗೆ ಹೊಳೆಯುವ ಬೂಟು ತೊಟ್ಟು ಹೊರಡುತ್ತಾನೆ. ಕಂಕುಳಲ್ಲಿ ದಪ್ಪನೆಯ ಫೈಲು. ಅದರೊಳಗೆ ಲೈಸೆನ್ಸಿನ ಪ್ರತಿ, ರೇಡಿಯೋದಲ್ಲಿ ಮಾತಾಡಲು ಬೇರೆ ಲೈಸೆನ್ಸು, ಇಂಗ್ಲಿಷ್ ಬರುತ್ತದೆ ಎನ್ನುವುದಕ್ಕೆ ಸರ್ಟಿಫಿಕೇಟು, ಕ್ಲಾಸ್ ಒನ್ ಮೆಡಿಕಲ್, ಪುಟಪುಟಕ್ಕೂ ಸೀಲು ಬಿದ್ದ ಲಾಗ್‌ಬುಕ್ ಜೆರಾಕ್ಸು. ಒಬ್ಬನೇ 300 ನಾಟಿಕಲ್ ಮೈಲಿ ಹಾರಿಬಂದ ದಿನದ ಸಾಲಿಗೆ ಹಳದಿ ಹೈಲೈಟರ್ ಬಳಿದಿದ್ದಾನೆ. ಯಾರೂ ಆ ಪುಟದವರೆಗೆ ತಿರುವಿಲ್ಲ.

ಜಿಲ್ಲಾ ಮಟ್ಟದ ಮೇಳವೊಂದಕ್ಕೆ ನಾನೂ ಜೊತೆಗೆ ಹೋಗಿದ್ದೆ. ಗಾರ್ಮೆಂಟ್ಸು, ಮೈಕ್ರೋಫೈನಾನ್ಸು, ಮನೆಮನೆಗೆ ಊಟ ತಲುಪಿಸುವವರು, ಎಲ್ಲರೂ ಇದ್ದರು. ಒಂದು ಟೇಬಲ್ಲಿನ ಹುಡುಗಿ ಫೈಲು ನೋಡದೆಯೇ ಕೇಳಿದಳು:

“ಡಿಎಲ್ ಇದೆಯಾ ಸರ್?”

“ಸಿಪಿಎಲ್ ಇದೆ.”

“ಅದು ಹೆವಿ ವೆಹಿಕಲ್ಲಾ?”

ಬೇರೆಯವರಾಗಿದ್ದರೆ ಮುನಿಸಿಕೊಳ್ಳುತ್ತಿದ್ದರು. ಇವನು ಸತ್ಯವಂತ. “ಇಲ್ಲ ಮೇಡಂ, 5,700 ಕೆಜಿ ಒಳಗಿಂದು” ಎಂದ. ಹುಡುಗಿ ಫಾರಮ್ಮಿನಲ್ಲಿ ‘ಲೈಟ್ ಗೂಡ್ಸ್’ ಎಂದು ಬರೆದುಕೊಂಡಳು.

ಪಕ್ಕದ ಇನ್ಶೂರೆನ್ಸ್ ಟೇಬಲ್ಲಿನವರು ಅಲ್ಲೇ ಕೆಲಸ ಕೊಟ್ಟರು. ಅವರು ಬಂದವರಿಗೆಲ್ಲ ಕೊಡುತ್ತಾರೆ. ನನಗೂ ಕೊಟ್ಟರು.

ಇನ್ನೊಂದು ಮೂಲೆಯಲ್ಲಿ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಯ ಬಗ್ಗೆ ವಿಚಾರಿಸಿದ. ಪದವಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಸಿಪಿಎಲ್ ಅತ್ತ ಪದವಿಯೂ ಅಲ್ಲ, ಇತ್ತ ಡಿಪ್ಲೊಮಾನೂ ಅಲ್ಲ. ಅರ್ಧ ಕೋಟಿ ಸುರಿದ ಮೇಲೂ ಸರ್ಕಾರದ ಲೆಕ್ಕದಲ್ಲಿ ನಮ್ಮ ಕ್ಯಾಪ್ಟನ್ ಪಿಯುಸಿ ಪಾಸು.

ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾ ಅವನಿಗೆ ಜಾತ್ರೆ. ಅಲ್ಲಿ ಯುದ್ಧವಿಮಾನ, ರೇಡಾರು, ಕ್ಷಿಪಣಿ ಮಾರುವವರು ಇರುತ್ತಾರೆಯೇ ಹೊರತು ಪೈಲಟ್ ಬೇಕು ಎನ್ನುವವರು ಇರುವುದಿಲ್ಲ. ಆದರೂ ಮಳಿಗೆಮಳಿಗೆಗೂ ಬಯೋಡೇಟಾ ಹಂಚಿ ಬರುತ್ತಾನೆ. ಕ್ಷಿಪಣಿಯವರಿಗೂ ಕೊಟ್ಟಿದ್ದಾನೆ. ಅದಕ್ಕೆ ಪೈಲಟ್ ಬೇಕಿಲ್ಲ ಎಂದು ಅವರು ಸಮಾಧಾನವಾಗಿ ತಿಳಿಸಿ ಒಂದು ಬಟ್ಟೆಚೀಲ ಕೊಟ್ಟು ಕಳಿಸಿದರು. ಕ್ಯಾಪ್ಟನ್ನನ ಅಮ್ಮ ಈಗ ಅದರಲ್ಲಿ ಸೊಪ್ಪು ತರುತ್ತಾರೆ.

ಕೆಲವು ಮೇಳಗಳಲ್ಲಿ ವಿಮಾನ ಕಂಪನಿಯದೇ ಮಳಿಗೆ ಸಿಗುವುದೂ ಉಂಟು. ಅಲ್ಲಿ ಕೂತ ಎಚ್‌ಆರ್‌ನವರು ನಗುತ್ತಾ ಕ್ಯೂಆರ್ ಕೋಡ್ ತೋರಿಸಿ, “ವೆಬ್‌ಸೈಟಿನಲ್ಲಿ ಅಪ್ಲೈ ಮಾಡಿ” ಎನ್ನುತ್ತಾರೆ. “ಮಾಡಿದೀನಿ ಸರ್.” “ಹಾಗಾದ್ರೆ ಕಾಯ್ತಿರಿ.” ಈ ಮಾತು ಕೇಳಲು ಅವನು ಬೆಳಗಿನ ಜಾವ ನಾಲ್ಕಕ್ಕೆ ಎದ್ದಿರುತ್ತಾನೆ.

ಅಮೆರಿಕದಲ್ಲಿ ಪೈಲಟ್ಟುಗಳಿಗೆಂದೇ ಬೇರೆ ಮೇಳಗಳಿವೆ. ಸೂಟು ತೊಟ್ಟು ಉದ್ದುದ್ದ ಸಾಲಿನಲ್ಲಿ ನಿಂತು, ಸರದಿ ಬಂದಾಗ ಎರಡು ನಿಮಿಷದಲ್ಲಿ ತಮ್ಮನ್ನು ತಾವೇ ಹೊಗಳಿಕೊಳ್ಳಬೇಕು. ಆ ವಿದ್ಯೆ ಇವನಿಗೂ ಬರುತ್ತದೆ. ಆದರೆ ಅಲ್ಲಿ 2013ರಿಂದ ಏರ್‌ಲೈನ್ ಸೇರಲು ಸಾಮಾನ್ಯವಾಗಿ 1,500 ಗಂಟೆ ಬೇಕು. ಆ ಲೆಕ್ಕ ಕೇಳಿದ ದಿನ ಅವರಪ್ಪ ತೋಟಕ್ಕೆ ನೀರು ಬಿಡುವ ನೆಪ ಮಾಡಿಕೊಂಡು ಎದ್ದು ಹೋದರು.

ಕ್ಯಾಪ್ಟನ್ನನ ಗಣಿತವೇ ಬೇರೆ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನ ಕೊಳ್ಳುವುದಾಗಿ ಹೇಳಿತು, ಜೂನ್‌ನಲ್ಲಿ ಇಂಡಿಗೋ 500 ಎಂದಿತು. ಒಂದು ವಿಮಾನಕ್ಕೆ ಕಡಿಮೆಯೆಂದರೂ ಹನ್ನೆರಡು ಪೈಲಟ್ ಎಂದು ಹಿಡಿದು, ಪೇಪರಿನ ಅಂಚಿನಲ್ಲಿ ಗುಣಿಸಿದ: 11,640. “ಇಷ್ಟರಲ್ಲಿ ಒಂದು ಸೀಟು ನನಗೆ ಸಿಗಲ್ವಾ?” ಮನೆಯವರು ಬಡಾವಣೆಗೆಲ್ಲ ಮೈಸೂರುಪಾಕು ಹಂಚಿದರು. ಇಂಡಿಗೋದ ಆ ಐನೂರು ಬರುವುದು 2030ರಿಂದ 2035ರ ನಡುವೆ ಎಂಬುದು ಅದೇ ಸುದ್ದಿಯ ಕೊನೇ ಸಾಲಿನಲ್ಲಿತ್ತು. ಆ ಸಾಲು ಮೈಸೂರುಪಾಕಿನ ತುಪ್ಪಕ್ಕೆ ಅಂಟಿಕೊಂಡು ಹೋಗಿತ್ತೇನೋ.

ಆ ಎರಡು ಸುದ್ದಿಗಳ ಮಧ್ಯೆ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತುಹೋಯಿತು. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್ ನಿಂತಾಗ ಆದದ್ದೇ ಈಗಲೂ ಆಯಿತು: ಸಾವಿರಾರು ಗಂಟೆ ಹಾರಿದವರು ಬಂದು ಇನ್ನೂರು ಗಂಟೆಯವರ ಸಾಲಿನಲ್ಲೇ ನಿಂತರು. ಪೇಪರಿನವರು ‘ಪೈಲಟ್‌ಗಳ ಕೊರತೆ’ ಎಂದು ಬರೆಯುವುದು ಸುಳ್ಳಲ್ಲ. ಕೊರತೆ ಇರುವುದು ಕ್ಯಾಪ್ಟನ್ ಕೂರುವ ಎಡಗಡೆ ಸೀಟಿಗೆ. ನೂಕುನುಗ್ಗಲು ಇರುವುದು ಸಹಪೈಲಟ್ ಕೂರುವ ಬಲಗಡೆ ಸೀಟಿಗೆ. ಬಲಕ್ಕೆ ಕೂರದೆ ಎಡಕ್ಕೆ ಹೋಗುವಂತಿಲ್ಲ, ಬಲಕ್ಕೆ ಕೂರಬೇಕೆಂದರೂ ಆ ಮಾದರಿಯ ವಿಮಾನಕ್ಕೆ ಟೈಪ್ ರೇಟಿಂಗ್ ಎಂದು ಮತ್ತೆ ಲಕ್ಷಲಕ್ಷ. ಅದರ ಬಹುಪಾಲು ಕಲಿಕೆ ನೆಲ ಬಿಟ್ಟೇಳದ ಸಿಮ್ಯುಲೇಟರಿನಲ್ಲಿ.

ಕಾಯುವುದಕ್ಕೂ ಖರ್ಚಿದೆ. ಮೆಡಿಕಲ್ಲು ವರ್ಷ ವರ್ಷ, ಇನ್‌ಸ್ಟ್ರುಮೆಂಟ್ ರೇಟಿಂಗೂ ವರ್ಷ ವರ್ಷ. ಮೆಡಿಕಲ್ ಹತ್ತಿರ ಬಂತೆಂದರೆ ಮದುವೆಮನೆಯಲ್ಲಿ ಹೋಳಿಗೆ ಮುಟ್ಟುವುದಿಲ್ಲ. ಬಡಿಸುವವರು “ಯಾಕಪ್ಪ, ಶುಗರ್ರಾ?” ಎಂದು ಕೇಳಿದ್ದು ಹೆಣ್ಣಿನ ಕಡೆಯವರ ಕಿವಿಗೆ ಬಿದ್ದು ಒಂದು ಸಂಬಂಧವೇ ತಪ್ಪಿತು. ಇನ್ನೊಂದು ಕಡೆಯವರು “ಯಾವ ಕಂಪನಿ?” ಎಂದು ಕೇಳಿ ತಪ್ಪಿಸಿದರು.

ಇಷ್ಟಾದರೂ ಆಕಾಶದಲ್ಲಿ ಸದ್ದಾದರೆ ಮಾತು ನಿಲ್ಲಿಸಿ ತಲೆಯೆತ್ತುತ್ತಾನೆ. “ಎಟಿಆರ್. ಶಿವಮೊಗ್ಗದ್ದಿರಬೇಕು” ಎನ್ನುತ್ತಾನೆ. ಆ ವಿಮಾನದವರು ಇವನ ಅರ್ಜಿ ನೋಡಿದ್ದಾರೋ ಇಲ್ಲವೋ, ಇವನಂತೂ ಅವರ ವೇಳಾಪಟ್ಟಿ ಬಾಯಿಪಾಠ ಮಾಡಿದ್ದಾನೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲೂ ಮಗನೋ ಮಗಳೋ ಪೈಲಟ್ ಆಗುತ್ತೇನೆ ಎಂದರೆ ಬೇಡ ಎನ್ನಬೇಡಿ. ಆದರೆ ಮೊದಲು ಹಳೇ ಏರ್‌ಪೋರ್ಟ್ ರಸ್ತೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಂಥ ಕಡೆ ಕ್ಲಾಸ್ ಒನ್ ಮೆಡಿಕಲ್ ಮಾಡಿಸಿ. ಸೈಟು ಮಾರುವುದು ಆಮೇಲೆ.